ಗಂಡ ಬಿಟ್ಟುಹೋದ ಬಡ ಗರ್ಭಿಣಿಗೆ ಸರ್ಕಾರದ ಪೌಷ್ಟಿಕ ಆಹಾರ ಸಿಗುತ್ತದೆಯೇ?

ಖಂಡಿತ ಸಿಗುತ್ತದೆ. ಗಂಡ ಜೊತೆಗಿಲ್ಲವೆಂದು ಯಾರೂ ನಿರಾಕರಿಸುವಂತಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ: ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ತಾಯಿಗೆ ರಕ್ತಹೀನತೆಯಿದ್ದರೆ ಮಗು ದಿನ ತುಂಬುವ ಮೊದಲೇ ಹುಟ್ಟುವ, ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಅಪಾಯ ಹೆಚ್ಚು. ಈ ಊಟ ಅದನ್ನು ತಡೆಯಲೆಂದೇ.

ಆದರೆ ಒಬ್ಬಳೇ ದುಡಿಯುವವಳು ಊಟಕ್ಕೆಂದು ಕೆಲಸ ಬಿಟ್ಟು ಬಂದರೆ ಕೂಲಿಗೆ ಕತ್ತರಿ ಬೀಳುತ್ತದೆ. ನನ್ನ ಪ್ರಕಾರ ಯೋಜನೆಯ ದೊಡ್ಡ ಕೊರತೆ ಇದೇ.

ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಹಾಯಧನವೂ ಇದೆ. ಹಿಂದೆ ಗಂಡನ ಆಧಾರ್ ಕೇಳುತ್ತಿದ್ದರು. ಈಗ ಅದು ಕಡ್ಡಾಯವಲ್ಲ. ಆಕೆ ತಡಮಾಡದೆ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಿ, ಗರ್ಭಿಣಿಯ ತಪಾಸಣೆಗಳ ವಿವರ ಬರೆದಿಡುವ ತಾಯಿ ಕಾರ್ಡ್ ಮಾಡಿಸಿಕೊಳ್ಳಲಿ.