ಹಳೆಯ ಕಂಪ್ಯೂಟರಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಯುಎಸ್‌ಬಿಯೋ, ಫೈರ್‌ವೈರೋ, ಇ-ಸಾಟಾನೋ?

ಮೂಡಿಗೆರೆಯಲ್ಲಿ ನಿಮ್ಮ ತಂದೆ ನಡೆಸುತ್ತಿದ್ದ ಸ್ಟುಡಿಯೋದ ಕಂಪ್ಯೂಟರ್; ಕೋರ್ 2 ಡ್ಯುಯೋ, ವಿಂಡೋಸ್ 7; ಒಳಗೆ ಸುಮಾರು 400 ಜಿಬಿ ಮದುವೆ ವಿಡಿಯೋ, ಫೋಟೋ. ಹಿಂದುಗಡೆ ಹೊರಗಿನ ಸಾಧನ ಚುಚ್ಚುವ ಯುಎಸ್‌ಬಿ 2, ಫೈರ್‌ವೈರ್, ಇ-ಸಾಟಾ ಮೂರೂ ಬಗೆಯ ಕಿಂಡಿ ಇವೆ, ಯಾವುದಕ್ಕೆ ಹೊಂದುವ ಡಿಸ್ಕ್ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಹತ್ತು ವರ್ಷ ಮದುವೆ ಕ್ಯಾಸೆಟ್ ಮಿಕ್ಸಿಂಗ್ ಮಾಡಿದವನು. ನಿಮ್ಮ ಮಷೀನಿನ ಬೆನ್ನು ಹೇಗಿರುತ್ತೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಯುಎಸ್‌ಬಿ 3.0 ಡಿಸ್ಕ್, ಅಂಗೈ ಅಗಲದ್ದು, 1 ಅಥವಾ 2 ಟಿಬಿಯದ್ದು ತಗೊಳ್ಳಿ. ನಿಮ್ಮ ಹಳೆಯ ಯುಎಸ್‌ಬಿ 2 ಕಿಂಡಿಗೇ ಚುಚ್ಚಿ. ಓಡುತ್ತೆ. ನಿಧಾನವಾಗಿ ಓಡುತ್ತೆ, ಅಷ್ಟೇ. ವೈರಿನ ತುದಿ ಸಿ-ಟೈಪ್ ಇದ್ದರೆ ಇನ್ನೊಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ವೈರನ್ನೇ ಕೇಳಿ ತನ್ನಿ.

ನಿಧಾನ ಅಂದರೆ ಎಷ್ಟು? ಯುಎಸ್‌ಬಿ 2ರ ಮೇಲೆ 480 ಮೆಗಾಬಿಟ್ ಅಂತ ಬರೆದಿರುತ್ತಾರೆ. ಲೆಕ್ಕಕ್ಕೆ ಸೆಕೆಂಡಿಗೆ 60 ಎಂಬಿ; ಕೈಗೆ ಸಿಗೋದು 30ರ ಆಸುಪಾಸು. 400 ಜಿಬಿಗೆ ಹೆಚ್ಚುಕಮ್ಮಿ ಮೂರೂಮುಕ್ಕಾಲು ಗಂಟೆ. ಸಣ್ಣ ಸಣ್ಣ ಫೋಟೋ ಸಾವಿರಗಟ್ಟಲೆ ಇದ್ದರೆ ಇನ್ನೂ ಜಾಸ್ತಿ. ರಾತ್ರಿ ಊಟಕ್ಕೆ ಮುಂಚೆ ಹಚ್ಚಿಟ್ಟು ಮಲಗಿ, ಬೆಳಿಗ್ಗೆ ಕಾಫಿ ಹೊತ್ತಿಗೆ ಮುಗಿದಿರುತ್ತೆ. ಈ ದೊಡ್ಡ ಕಾಪಿ ಒಂದೇ ಸಲದ ಕೆಲಸ. ಅದಕ್ಕೋಸ್ಕರ ಇ-ಸಾಟಾ, ಫೈರ್‌ವೈರ್‌ನ ಅಪರೂಪದ ಡಬ್ಬಿ (ಡಿಸ್ಕ್ ಕೂರಿಸುವ ಹೊರಕವಚ) ಹುಡುಕಿಕೊಂಡು ಬೆಂಗಳೂರಿಗೆ ಹೋಗೋದು ಬೇಡ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಸಂಗತಿಯೇ ನನ್ನನ್ನು ಒಮ್ಮೆ ಅಳಿಸಿತ್ತು: ಕರೆಂಟು. ಈ ಸಣ್ಣ ಡಿಸ್ಕಿಗೆ ಬೇರೆ ಅಡಾಪ್ಟರ್ ಇರೋದಿಲ್ಲ, ಯುಎಸ್‌ಬಿ ವೈರಿನಿಂದಲೇ ಅದು ಉಣ್ಣಬೇಕು. ಯುಎಸ್‌ಬಿ 2 ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಒಳಗಿನ ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಡಿಸ್ಕಿಗೆ ಹಸಿವು ಜಾಸ್ತಿ. ನಾನು ಹೊಸ ಡಿಸ್ಕ್ ತಂದು ಕ್ಯಾಬಿನೆಟ್ಟಿನ ಮುಂದಿನ ಕಿಂಡಿಗೆ ಹಾಕಿದೆ. ಟಿಕ್, ಟಿಕ್, ಟಿಕ್. ಕಾಣಿಸಿಕೊಂಡಿತು, ಮಾಯವಾಯಿತು. ಡಿಸ್ಕೇ ಕೆಟ್ಟದ್ದು ಅಂತ ಅಂಗಡಿಗೆ ಹೋಗಿ ಜಗಳ ಆಡಿದೆ. ಅವರ ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಒಂದೇ ಏಟಿಗೆ ಓಡಿತು. ನನ್ನ ಮುಖ ಇಷ್ಟಾಯಿತು. ಮುಂದಿನ ಕಿಂಡಿಗೆ ಒಳಗಿಂದ ಬರುವ ಸಣ್ಣ ವೈರಿನಲ್ಲಿ ವೋಲ್ಟೇಜು ಸೊರಗಿತ್ತು. ಆದ್ದರಿಂದ ಹಿಂದುಗಡೆ, ಮದರ್‌ಬೋರ್ಡಿಗೇ ಕೂತಿರುವ ಕಿಂಡಿಗೆ, ಡಿಸ್ಕಿನ ಜೊತೆ ಬಂದ ಗಿಡ್ಡ ವೈರಿನಲ್ಲೇ ಹಾಕಿ. ಆಗಲೂ ಟಿಕ್ ಅಂದರೆ ಎರಡು ತಲೆಯ ವೈ ಕೇಬಲ್ ಹಾಕಿ, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಹಬ್ ಮೂಲಕ ಕೊಡಿ. ದೊಡ್ಡ 3.5 ಇಂಚಿನ ಡಿಸ್ಕಿಗೆ ಈ ತಾಪತ್ರಯ ಇಲ್ಲ, ಅದಕ್ಕೆ ಗೋಡೆಯ ಪ್ಲಗ್ಗೇ ಬೇಕು. ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಆಟ ನಿಮಗೆ ಗೊತ್ತಲ್ಲ ಮಾರಾಯ್ರೆ, ಅದನ್ನೂ ಯುಪಿಎಸ್‌ಗೆ ಸೇರಿಸಬೇಕಾಗುತ್ತೆ. ಸಿಡಿಲು ಗುಡುಗು ಇದ್ದ ದಿನ ಕಾಪಿಗೆ ಕೂರಲೇಬೇಡಿ.

ಇ-ಸಾಟಾ ವೇಗದಲ್ಲಿ ಚೆನ್ನಾಗಿತ್ತು, ಒಳಗಿನ ಡಿಸ್ಕಿನಷ್ಟೇ ಓಡುತ್ತಿತ್ತು. ಆದರೆ ಆ ವೈರಿನಲ್ಲಿ ಕರೆಂಟು ಬರೋದಿಲ್ಲ, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಎಎಚ್‌ಸಿಐ ಅನ್ನುವ ಡಿಸ್ಕ್ ಮೋಡ್ ಇಲ್ಲದಿದ್ದರೆ ಚುಚ್ಚಿದಾಗಲೆಲ್ಲ ರೀಸ್ಟಾರ್ಟ್ ಮಾಡಬೇಕಾಗಬಹುದು. ಅದಕ್ಕೆ ಹೊಂದುವ ಡಬ್ಬಿ ನಮ್ಮೂರ ಅಂಗಡಿಗಳಲ್ಲಿ ನಾನು ಕಂಡು ವರ್ಷಗಳಾದವು. ನಾಳೆ ಈ ಕಂಪ್ಯೂಟರೇ ಸತ್ತರೆ ಆ ಡಿಸ್ಕನ್ನು ಎಲ್ಲಿಗೆ ಹಾಕುತ್ತೀರಿ? ಫೈರ್‌ವೈರ್ ಡಿಸ್ಕಿಗೂ ಇದೇ ಗತಿ. ಫೈರ್‌ವೈರ್ 400 ಅನ್ನೋದು ಯುಎಸ್‌ಬಿ 2ಕ್ಕಿಂತ ಚೂರು ಚುರುಕು, ಅದಕ್ಕಾಗಿ ದುಡ್ಡು ಹಾಕುವಷ್ಟು ಅಲ್ಲ.

ತಾಳ್ಮೆ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ: ಮದರ್‌ಬೋರ್ಡಿನಲ್ಲಿ ಗಿಡ್ಡ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದ್ದರೆ ಯುಎಸ್‌ಬಿ 3 ಕಾರ್ಡ್ ಕೂರಿಸಬಹುದು. ವಿಂಡೋಸ್ 7ಗೆ ಯುಎಸ್‌ಬಿ 3 ತಾನಾಗಿ ಗೊತ್ತಿಲ್ಲ, ಕಾರ್ಡಿನ ಡ್ರೈವರ್ ಹಾಕಲೇಬೇಕು. ಆಗ ಒಂದೂಕಾಲು ಗಂಟೆಯಲ್ಲಿ ಮುಗಿದೀತು. ನಾನಾದರೆ ಹಾಕಿಸೋದಿಲ್ಲ.

ಡಿಸ್ಕ್ ತಂದ ಮೇಲೆ ಫಾರ್ಮ್ಯಾಟ್, ಅಂದರೆ ಅದರಲ್ಲಿ ಫೈಲು ಜೋಡಿಸಿಡುವ ಪದ್ಧತಿ, ಯಾವುದು ಅಂತ ನೋಡಿ. ಎನ್‌ಟಿಎಫ್‌ಎಸ್ ಇರಲಿ. ಯಾರಾದರೂ ಫ್ಯಾಟ್ 32 ಮಾಡಿಕೊಟ್ಟಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಒಳಗೆ ಹೋಗೋದೇ ಇಲ್ಲ. ಒಂದು ಗಂಟೆ ಮಿನಿ ಡಿವಿ ಕ್ಯಾಸೆಟ್ಟನ್ನು (ಹಳೆಯ ವಿಡಿಯೋ ಕ್ಯಾಮೆರಾದ ಸಣ್ಣ ಡಿಜಿಟಲ್ ಟೇಪು) ಕಂಪ್ಯೂಟರಿಗೆ ಇಳಿಸಿದರೇ 13 ಜಿಬಿ ಆಗುತ್ತಿತ್ತು, ನಿಮ್ಮ ಅಪ್ಪನ ಫೈಲುಗಳೂ ಹಾಗೇ ಇದ್ದಾವು.

ಹಾಂ, ಆ ಫೈರ್‌ವೈರ್ ಕಾರ್ಡ್ ಕಿತ್ತು ಗುಜರಿಗೆ ಹಾಕಬೇಡಿ. ಅದು ಅಲ್ಲಿರುವುದು ಡಿಸ್ಕಿಗೆ ಅಲ್ಲ, ಕ್ಯಾಮೆರಾಕ್ಕೆ. ಸ್ಟುಡಿಯೋದ ಬೀರುವಿನಲ್ಲಿ ಇನ್ನೂ ಮಿನಿ ಡಿವಿ ಕ್ಯಾಸೆಟ್ಟುಗಳು ಉಳಿದಿವೆಯೇ ನೋಡಿ. ಉಳಿದಿದ್ದು, ಹಳೆಯ ಕ್ಯಾಮೆರಾ ತಿರುಗುತ್ತಿದ್ದರೆ, ಅವನ್ನು ಇದ್ದ ಗುಣಮಟ್ಟದಲ್ಲೇ ಇಳಿಸಿಕೊಳ್ಳಲು ನಿಮ್ಮ ಮನೆಯಲ್ಲಿರುವ ದಾರಿ ಅದೊಂದೇ. ಮಲೆನಾಡಿನ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತೆ. ಮೊದಲು ಅವನ್ನು ಇಳಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಹೊಸ ಡಿಸ್ಕಿಗೆ ಕಾಪಿ ಮಾಡಿ. ಕ್ಯಾಸೆಟ್ಟು ಹೆಚ್ಚಿದ್ದರೆ 1 ಟಿಬಿ ಬೇಡ, 2 ಟಿಬಿಯದ್ದೇ ತನ್ನಿ.