ಲೈಸೆನ್ಸ್ ಇದ್ದವರಿಗೂ ರಸ್ತೆ ನಿಯಮ ಯಾಕೆ ಗೊತ್ತಿರುವುದಿಲ್ಲ?

ಮುಖ್ಯ ಕಾರಣ, ನಾವು ಗಾಡಿ ಓಡಿಸುವುದನ್ನಷ್ಟೇ ಕಲಿಯುತ್ತೇವೆ, ರಸ್ತೆಯಲ್ಲಿ ನಾಲ್ಕು ಜನರ ಜೊತೆ ಓಡಿಸುವುದನ್ನಲ್ಲ. ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಕಂಪ್ಯೂಟರ್ ಮುಂದೆ ಕೂತು ಒಂದಷ್ಟು ಪ್ರಶ್ನೆಗೆ ಉತ್ತರ ಒತ್ತುತ್ತೇವೆ. 30 ದಿನ ಆದಮೇಲೆ ಟ್ರ್ಯಾಕ್‌ನಲ್ಲಿ ಎಂಟು ಹಾಕಿ, ರಿವರ್ಸ್ ತೋರಿಸಿದರೆ ಮುಗೀತು. ಡ್ರೈವಿಂಗ್ ಸ್ಕೂಲ್‌ಗಳೂ ಹೆಚ್ಚಾಗಿ ಆ ಟೆಸ್ಟ್ ಪಾಸಾಗುವಷ್ಟೇ ಕಲಿಸುತ್ತವೆ.

ಮೈಸೂರಿನ ಯಾವುದಾದರೂ ದೊಡ್ಡ ಸರ್ಕಲ್ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. 2017ರ ಕೇಂದ್ರದ ಚಾಲನಾ ನಿಯಮಗಳ ಪ್ರಕಾರ, ಆಗಲೇ ಸರ್ಕಲ್ ಸುತ್ತುತ್ತಿರುವ ಗಾಡಿಗೆ ಮೊದಲು ದಾರಿ. ಹೊರಗಿನಿಂದ ಬರುವವರು ಕಾಯಬೇಕು. ನಡೆಯುವುದು ಉಲ್ಟಾ. ಬರುವವರು ಹಾರ್ನ್ ಹೊಡೆದು ನುಗ್ಗುತ್ತಾರೆ, ಒಳಗಿದ್ದವರು ಗಕ್ಕನೆ ಬ್ರೇಕ್ ಹಾಕುತ್ತಾರೆ.

ಇನ್ನೊಂದು, ಜಂಕ್ಷನ್‌ನಲ್ಲಿ ನೇರ ಹೋಗಲು ಹಜಾರ್ಡ್ ಲೈಟ್ ಹಾಕುವುದು, ಅಂದರೆ ಎಡ ಬಲ ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವುದು. ಅದು ಇರುವುದು ಗಾಡಿ ಕೆಟ್ಟು ನಿಂತಂಥ ಸಂದರ್ಭಕ್ಕೆ. ನಿಮ್ಮ ಎಡಗಡೆ ಇರುವ ಬೈಕ್‌ನವರಿಗೆ ಎಡದ ದೀಪ ಮಾತ್ರ ಕಾಣುತ್ತದೆ. ಇವರು ಎಡಕ್ಕೆ ತಿರುಗುತ್ತಾರೆ ಅಂತಲೇ ಅವರು ಅಂದುಕೊಳ್ಳುತ್ತಾರೆ, ಅಲ್ವಾ? ನೇರ ಹೋಗಲು ಯಾವ ಇಂಡಿಕೇಟರೂ ಬೇಡ. ಊರೊಳಗೆ ಹೈಬೀಮ್ ಹಾಕುವುದು, ಜೀಬ್ರಾ ಪಟ್ಟಿ ಮೇಲೆ ಗಾಡಿ ನಿಲ್ಲಿಸುವುದು ಇದೇ ಸಾಲಿಗೆ ಸೇರುತ್ತವೆ.

ದಂಡ ಜಾಸ್ತಿ ಮಾಡಿದರೆ ಇದು ಸರಿಹೋಗುವುದಿಲ್ಲ. ಹೆಲ್ಮೆಟ್ ಇಲ್ಲದಿರುವುದು ಕ್ಯಾಮೆರಾಗೆ ಕಾಣುತ್ತದೆ, ದಾರಿ ಬಿಡದಿರುವುದು ಕಾಣುವುದಿಲ್ಲ. ಬದಲಾಗಬೇಕಾದ್ದು ಟೆಸ್ಟ್. ಬ್ರಿಟನ್‌ನಲ್ಲಿ ಪರೀಕ್ಷಕರು ಪಕ್ಕದಲ್ಲಿ ಕೂತು ಸುಮಾರು 40 ನಿಮಿಷ ನಿಜವಾದ ಟ್ರಾಫಿಕ್‌ನಲ್ಲೇ ಓಡಿಸಿ ನೋಡುತ್ತಾರೆ. ನಮ್ಮಲ್ಲೂ ಹಾಗೇ ಆಗಬೇಕು.