ಕಾಗೋಡು ಸತ್ಯಾಗ್ರಹದ ಸಂಶೋಧನೆ: ಬೆಂಗಳೂರಿನ ಪತ್ರಾಗಾರ ಮೊದಲೋ, ದೆಹಲಿಯದೋ?

ಕಾಗೋಡಿನಿಂದ 1974ರ ಭೂ ಸುಧಾರಣೆಯವರೆಗಿನ ಕಥೆ ಬರೆಯಲು ಯಾವ ಪತ್ರಾಗಾರಕ್ಕೆ ಮೊದಲು ಹೋಗಲಿ ಎಂದು ಕೇಳಿದ್ದೀರಿ. ಎರಡೂ ಆಮೇಲೆ. ಮೊದಲು ಕೊಳಗ ಹುಡುಕಿ. ನಾನು ಎಡವಿದ್ದು ಅದರಲ್ಲೇ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಿರುಗಿಬಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. 3 ಸೇರಿನ ಕೊಳಗದಲ್ಲೇ ಅಳೆಯಬೇಕು ಎಂಬುದು ಅವರ ಪಟ್ಟು. ಇದು ಗೊತ್ತಿದ್ದೂ, ಊರಿನ ಹಿರಿಯರ ಸಂದರ್ಶನ ಬರೆದಿಳಿಸುವಾಗ ಈಗಿನ ಓದುಗರಿಗೆ ತಿಳಿಯಲಿ ಎಂದು ಕೊಳಗ, ಖಂಡುಗಗಳನ್ನೆಲ್ಲ ಕಿಲೋಗೆ ತಿರುಗಿಸಿಬಿಟ್ಟೆ. ಫೋನಿನಲ್ಲಿ ಜಾಗ ಸಾಲದೆಂದು ಧ್ವನಿಯನ್ನೂ ಅಳಿಸಿದೆ.

ಏನು ಕೆಟ್ಟಿತು ಅಂದರೆ, ಕೊಳಗ ತೂಕವಲ್ಲ, ಗಾತ್ರದ ಅಳತೆ. ಹಸಿ ಭತ್ತ, ಒಣ ಭತ್ತ ಒಂದೇ ಕೊಳಗದಲ್ಲಿ ಬೇರೆ ಬೇರೆ ತೂಗುತ್ತವೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಖಂಡುಗಕ್ಕೆ 20 ಕೊಳಗ. ಚೀಟಿಯಲ್ಲಿ '10 ಖಂಡುಗ ಗೇಣಿ' ಎಂದಿದೆ ಅನ್ನಿ. 3 ಸೇರಿನ ಕೊಳಗವಾದರೆ 600 ಸೇರು. ಕೊಳಗ ಅರ್ಧ ಸೇರು ಹಿಗ್ಗಿದರೆ 700. ಚೀಟಿಯಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಎಲ್ಲದಕ್ಕೂ ಒಂದೇ ಲೆಕ್ಕ ಹಾಕಿ, ಅವರು ಜೈಲಿಗೆ ಹೋದ ಜಗಳವನ್ನು ನಾನು ಮೇಜಿನ ಮೇಲೇ ಇತ್ಯರ್ಥ ಮಾಡಿದ್ದೆ! ಹನ್ನೊಂದು ಸಂದರ್ಶನ ದಂಡ. ಮತ್ತೆ ಹೋಗುವಷ್ಟರಲ್ಲಿ ಇಬ್ಬರು ಅಜ್ಜಂದಿರು ಇರಲಿಲ್ಲ.

ಆದ್ದರಿಂದ ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ, ವಿವರಣೆ ಪಕ್ಕದ ಕಾಲಮಿನಲ್ಲಿರಲಿ. ಧ್ವನಿಯ ಮೂರು ಪ್ರತಿ ಇಡಿ, ಒಂದು ಮನೆಯಿಂದ ಹೊರಗೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಹೆಸರೆತ್ತಿ ಮಾತು ಶುರು ಮಾಡಬೇಡಿ. ಆಮೇಲೆ ಎಲ್ಲರೂ ಲೋಹಿಯಾ ಕಥೆಯನ್ನೇ ಹೇಳುತ್ತಾರೆ. ಅವರು ಬಂದು ಬಂಧನವಾದದ್ದು ಜೂನ್‌ನಲ್ಲಿ, ಹೋರಾಟ ಆಗಲೇ ಎರಡು ತಿಂಗಳು ಹಳತು. ಕಣದಲ್ಲಿ ಅಳೆದವರು ಯಾರು, ಗೋಪುರವಾಗಿ ತುಂಬಿದರೋ ಬಾಯಿಮಟ್ಟಕ್ಕೆ ಸವರಿದರೋ, ಅದನ್ನು ಕೇಳಿ. ಗೇಣಿ ಹೋದ ಮೇಲೆ ಮನೆಯಲ್ಲಿ ಎಷ್ಟು ಉಳಿಯುತ್ತಿತ್ತು ಎನ್ನುವುದನ್ನು ಹೆಂಗಸರ ಹತ್ತಿರವೇ ಕೇಳಬೇಕು. ಆಗ ಇಪ್ಪತ್ತರವರಿಗೆ ಈಗ ತೊಂಬತ್ತು ದಾಟಿದೆ. ನಿಮಗೆ ಸಿಗುವವರು ಹೆಚ್ಚಾಗಿ ಮಕ್ಕಳು. 'ಕಂಡದ್ದು', 'ಕೇಳಿದ್ದು' ಬೇರೆ ಬೇರೆ ಗುರುತು ಹಾಕಿ.

ಬೆಂಗಳೂರಿನಲ್ಲಿ ಕರ್ನಾಟಕ ಎಂದು ಹುಡುಕಿ ಪ್ರಯೋಜನವಿಲ್ಲ, ಆ ಹೆಸರು ಬಂದದ್ದು 1973ರಲ್ಲಿ. ಮೈಸೂರು ಸರ್ಕಾರದ ಕಂದಾಯ, ಪೊಲೀಸ್ ಕಡತ ಕೇಳಿ. ಸರ್ಕಾರ ತನ್ನ ಕಡತಕ್ಕೆ ಸತ್ಯಾಗ್ರಹ ಎಂದು ಹೆಸರಿಡಬೇಕಾಗಿಲ್ಲ. ಕಾಗೋಡು, ಸಾಗರ, ಶಿವಮೊಗ್ಗ ಮೂರನ್ನೂ ಇಂಗ್ಲಿಷಿನ ಹಳೇ ಕಾಗುಣಿತಗಳಲ್ಲೂ ಹುಡುಕಬೇಕು. ಒಳಪುಟಕ್ಕೆ ಮುಂಚೆ ರಟ್ಟಿನ ಫೋಟೊ ತೆಗೆಯಿರಿ, ಕಡತದ ಸಂಖ್ಯೆ ಇರುವುದು ಅಲ್ಲೇ. ದೆಹಲಿ? ನಿಮ್ಮ ವಿಷಯ ಲೋಹಿಯಾ ಅವರ ಸಮಾಜವಾದಿ ಪಕ್ಷವಾದರೆ ಹೋಗಿ, ಗೇಣಿದಾರರಾದರೆ ರೈಲಿನ ದುಡ್ಡು ಉಳಿಸಿ.

ಇನ್ನು, ಕಾಗೋಡಿನಿಂದ 1974ರ ಭೂ ಸುಧಾರಣೆಗೆ ನೇರ ಗೆರೆ ಎಳೆಯುವ ಆಸೆ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿದೆ. ನಡುವೆ 23 ವರ್ಷ ಇದೆ, 1961ರ ಭೂ ಸುಧಾರಣಾ ಕಾಯ್ದೆಯೂ ಇದೆ. ಉಳುವ ಜಮೀನಿನ ಹಕ್ಕು ಕೋರಿ ಭೂ ನ್ಯಾಯಮಂಡಳಿಗೆ ಗೇಣಿದಾರರು ಕೊಟ್ಟ ನಮೂನೆ 7ರ ಅರ್ಜಿಗಳನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. 1951ರಲ್ಲಿ ಬಂಧನವಾದವರ ಹೆಸರುಗಳ ಜೊತೆ ತಾಳೆ ನೋಡಿ. ಯಾವ ಮನೆತನ ಅರ್ಜಿಯನ್ನೇ ಹಾಕಿಲ್ಲವೋ, ಮೊದಲು ಆ ಮನೆಗೆ ಹೋಗಿ.